ಬೀಗರ ಎಡಗಾಲು

ಆ ಕಾರು ಪೆಟ್ರೋಲು ಕುಡಿಯುತ್ತಿರಲಿಲ್ಲ. ಕುಡಿಸಿದ್ದು ನಮ್ಮ ಬೀಗರ ಎಡಗಾಲು. ನಡೆದದ್ದು ಇಷ್ಟೇ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಮೊನ್ನೆ ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಊಟದ ಸಾಲಿನಲ್ಲಿ ಕೂತವರೊಬ್ಬರು, ಹಿಂದೆಮುಂದೆ ನೋಡದೆ ಸೊಸೆಗೆ ಕಾರು ಕೊಡಿಸಿದ ಪುಣ್ಯಾತ್ಮ ಎಂದು ನನ್ನ ಮಗಳ ಮಾವನವರನ್ನು ಹೊಗಳುತ್ತಿದ್ದರು. ಹಿಂದೆಮುಂದೆ ನೋಡದೆ ಆ ಮನುಷ್ಯ ಒಂದು ಬೆಂಕಿಕಡ್ಡಿಯನ್ನೂ ಗೀರಿದವರಲ್ಲ. ಸತ್ತವರ ಮೇಲೆ ಸುಳ್ಳು ಹೊರಿಸಿದರೆ ಅವರು ಎದ್ದು ಬಂದು ತಿದ್ದುವುದಕ್ಕಾಗುವುದಿಲ್ಲ. ಹೊಗಳಿಕೆಯ ಸುಳ್ಳಾದರೂ ಸುಳ್ಳೇ.

ಅವರು ಟಿ. ನರಸೀಪುರದವರು. ಆಲೆಮನೆಗಳಿಂದ ಬೆಲ್ಲ ಎತ್ತಿ ಮಂಡಿಗೆ ಹಾಕುವ ವ್ಯಾಪಾರ. ಒಂದು ಹಳೆಯ ಜೀಪು ಇಟ್ಟುಕೊಂಡಿದ್ದರು. ಅದನ್ನು ಬೇರೆಯವರ ಕೈಗೆ ಕೊಟ್ಟವರಲ್ಲ, ಹೆತ್ತ ಮಗನಿಗೂ ಕೊಡಲಿಲ್ಲ. ಹಣೆಗೆ ಮೂರೆಳೆ ವಿಭೂತಿ, ಹೆಗಲಿಗೆ ಚೌಕದ ಟವಲು. ಆ ಟವಲಿನಲ್ಲೇ ಮುಖ, ಅದರಲ್ಲೇ ಜೀಪಿನ ಗಾಜು.

ಜೀಪು ಹತ್ತಿದವರು ಅವರ ಕಾನೂನಿಗೆ ತಲೆಬಾಗಬೇಕಿತ್ತು. ಇಳಿಜಾರು ಬಂದರೆ ಇಂಜಿನ್ ಆರಿಸಿ ಗಾಡಿಯನ್ನು ಹಾಗೇ ಜಾರಿಬಿಡುವರು. ಏರು ಬಂದರೆ ಯಾರೂ ಮಾತಾಡಬಾರದು. ಮಾತಾಡಿದರೆ ಡೀಸೆಲ್ ಜಾಸ್ತಿ ಆಗುತ್ತದೆಯೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಇಂಜಿನ್ನಿನ ಉಸಿರು ನನಗೆ ಕೇಳಿಸಬೇಕು ಎಂದರು. ಏರಿನಲ್ಲಿ ತಾವೂ ಮುಂದಕ್ಕೆ ಬಾಗಿ, ಹಲ್ಲು ಕಚ್ಚಿಕೊಂಡು, ಸ್ಟೇರಿಂಗನ್ನು ಎದೆಗೆ ಒತ್ತಿಕೊಳ್ಳುವರು. ನೋಡಿದವರಿಗೆ ಮನುಷ್ಯನೇ ಜೀಪನ್ನು ಎಳೆಯುತ್ತಿದ್ದಾನೆ ಅನ್ನಿಸಬೇಕು. ಡೀಸೆಲ್ಲನ್ನು ಬೆಳಗಿನ ತಂಪಿನಲ್ಲೇ ಹಾಕಿಸಬೇಕು, ಬಿಸಿಲಿಗೆ ಅದು ಉಬ್ಬಿ ಅಳತೆಯಲ್ಲಿ ಮೋಸ ಆಗುತ್ತದೆ ಎನ್ನುವರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಬಂಕಿನವನಿಗೂ ಗೊತ್ತಿರಲಿಲ್ಲ.

ಗಾಡಿಯೊಂದನ್ನೇ ಅಲ್ಲ, ಅವರು ಲೋಕವನ್ನೆಲ್ಲ ಮೈಲೇಜಿನಲ್ಲೇ ಅಳೆಯುವರು. ಹಿಂಡಿ ಜಾಸ್ತಿ ತಿಂದು ಹಾಲು ಕಮ್ಮಿ ಕೊಡುವ ಹಸು ಮೈಲೇಜ್ ಇಲ್ಲದ ಹಸು. ಉಂಡು ಮಲಗುವ ಆಳು ಮೈಲೇಜ್ ಇಲ್ಲದ ಆಳು. ನನ್ನನ್ನು ಒಂದು ಸಲ ನೆಂಟರ ಎದುರಿಗೆ, ನಮ್ಮ ಬೀಗಿತ್ತಿಯವರು ಒಂದು ಲೋಟ ಕಾಫಿಗೆ ಸಾಯಂಕಾಲದ ತನಕ ಓಡ್ತಾರೆ ಎಂದರು. ಅದು ಹೊಗಳಿಕೆಯೋ ಅಲ್ಲವೋ ಇವತ್ತಿಗೂ ನನಗೆ ತಿಳಿಯದು.

ಮದುವೆ ಮುಗಿದು ಮಗಳನ್ನು ಕಳಿಸಿಕೊಡುವ ದಿನ ಅವರ ಮೇಲೆ ನನಗೆ ಹೊಟ್ಟೆ ಉರಿದಿತ್ತು. ಹೆಣ್ಣಿನ ಜೊತೆಗೆ ಕಳಿಸುವ ಪಾತ್ರೆ ಪಡಗ, ಹಾಸಿಗೆ, ಅದರ ಜೊತೆಗೆ ನಮ್ಮತ್ತೆಯ ಕಾಲದ ರುಬ್ಬುಗುಂಡು ಎಲ್ಲವನ್ನೂ ಜೀಪಿಗೆ ಹೇರಿದ್ದೆವು. ಅವರು ಬಂದು, ಜೀಪಿನ ಹಿಂಭಾಗ ಎಷ್ಟು ತಗ್ಗಿದೆ ಎಂದು ಬಗ್ಗಿ ನೋಡಿ, ನಮ್ಮ ನೆಂಟರಿಷ್ಟರು ನಿಂತಿರುವಾಗಲೇ ರುಬ್ಬುಗುಂಡನ್ನು ಕೆಳಗಿಳಿಸಿದರು. ಹೆಣ್ಣಿನ ಮನೆಯ ವಸ್ತುವನ್ನು ಬೀದಿಯಲ್ಲಿ ಇಳಿಸಿಹೋದರು ಎಂದು ನಮ್ಮ ಕೇರಿಯಲ್ಲಿ ಬಹಳ ದಿನ ಮಾತಾಯಿತು. ಆಮೇಲೊಂದು ದಿನ ಬೆಲ್ಲ ಇಳಿಸಿ ವಾಪಸು ಹೋಗುವ ಲಾರಿಯೊಂದು ಬಂದು ಗುಂಡನ್ನು ಹೇರಿಕೊಂಡು ಹೋಯಿತು. ಹೇಗೂ ಖಾಲಿ ಹೋಗುವ ಲಾರಿಗೆ ಇದೇನು ಭಾರ ಎಂದು ಹೇಳಿ ಕಳಿಸಿದ್ದರು. ಅವಮಾನ ಮಾಡಿದೆ ಅನ್ನುವುದು ಅವರ ತಲೆಗೇ ಹೋಗಿರಲಿಲ್ಲ. ಹಾಗೆ ತಲೆಗೆ ಹೋಗದವರ ಮೇಲೆ ಸಿಟ್ಟನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಆದರೂ ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ.

ಈಗ ಕಾರಿನ ವಿಷಯ. ನನ್ನ ಮಗಳು ನಂಜನಗೂಡು ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರು. ನಾಲೆಯ ಪಕ್ಕದ ರಸ್ತೆಯಲ್ಲಿ ಮರಳಿಗೆ ಸ್ಕೂಟರು ಜಾರಿ ಬಿದ್ದು ಎಡ ಮಂಡಿ ಮುರಿಯಿತು. ಆಪರೇಷನ್ ಆಗಿ ಓಡಾಡುವ ಹಾಗಾದಳು. ಆದರೆ ಸ್ಕೂಟರು ಬೇಡ, ಹೆಚ್ಚು ನಡೆಯಬೇಡ ಎಂದರು ಡಾಕ್ಟರು. ಬಸ್ಸು ಹಳ್ಳಿಯ ದಾರಿ ತಿರುಗುವ ಕೈಮರದ ತನಕ ಮಾತ್ರ ಹೋಗುತ್ತದೆ, ಅಲ್ಲಿಂದ ಶಾಲೆಗೆ ನಡಿಗೆ. ನನ್ನ ಅಳಿಯಂದಿರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ದಿನಾ ಬಿಟ್ಟು ಕರೆದುಕೊಂಡು ಬರುವುದು ಆಗದ ಮಾತು.

ಅವಳು ಬಿದ್ದ ದಿನದಿಂದ ನಾನು ನಂಜನಗೂಡಿನ ನನ್ನ ಮನೆಗೆ ಬೀಗ ಹಾಕಿಕೊಂಡು ನರಸೀಪುರಕ್ಕೆ ಬಂದು ಅವಳ ಮನೆಯಲ್ಲೇ ಇದ್ದೆ. ಮಕ್ಕಳಿಬ್ಬರನ್ನು ನೋಡಿಕೊಳ್ಳುವುದು, ಅಡಿಗೆ, ಅವಳ ಕಾಲಿಗೆ ಶಾಖ ಕೊಡುವುದು. ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿಯಾದವಳು ಬಹಳ ದಿನ ಕೂತು ಉಣ್ಣಬಾರದು ಎನ್ನುವುದು ನಮ್ಮಲ್ಲಿ ರೂಢಿ. ನಾನು ತಿಂಗಳುಗಟ್ಟಲೆ ಉಂಡೆ. ಬೀಗರು ಒಂದು ದಿನವೂ ಮುಖ ಕೆಡಿಸಲಿಲ್ಲ. ಮಗಳ ಅತ್ತೆ ಇಲ್ಲದ ಮನೆ ಅದು, ಅವರು ತೀರಿಹೋಗಿ ಬಹಳ ಕಾಲವಾಗಿತ್ತು. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂದು ಬೀಗರು ಊಟಕ್ಕೆ ಬರುವ ಹೊತ್ತಿಗೆ ನಾನು ಬಡಿಸಿಟ್ಟು ಹಿತ್ತಿಲಿಗೆ ಹೋಗುತ್ತಿದ್ದೆ.

ಬೇಸಿಗೆ ರಜೆ ಮುಗಿಯುತ್ತ ಬಂತು. ಸೋಮವಾರ ಶಾಲೆ ಶುರು. ಅವಳ ರಜೆಯೂ ತೀರಿತ್ತು. ಹೋಗುವ ದಾರಿ ಕಾಣದಿದ್ದರೆ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ಅವಳು ಅಡಿಗೆಮನೆಯಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು. ನಾನು ಕೂಲಿ ಮಾಡಿ ಓದಿಸಿದ ಹುಡುಗಿ.

ಆಗ ಸಿಕ್ಕಿದ್ದು ಈ ಕಾರು. ಅವರ ಬೀದಿಯಲ್ಲೇ ಬ್ಯಾಂಕಿನ ಆಫೀಸರೊಬ್ಬರಿದ್ದರು, ದೂರದ ಊರಿಗೆ ವರ್ಗವಾಗಿತ್ತು. ಅವರದು ಆಟೋಮ್ಯಾಟಿಕ್ ಗಾಡಿ. ಅಂದರೆ ಏನೇ ಎಂದು ಕೇಳಿದ್ದಕ್ಕೆ ಮಗಳು, ಎಡಗಾಲಿಗೆ ಕೆಲಸ ಇಲ್ಲದ ಗಾಡಿ ಅವ್ವ ಎಂದಳು. ಕ್ಲಚ್ಚು ಇಲ್ಲ, ಗೇರು ಬದಲಾಯಿಸುವುದಿಲ್ಲ, ಬ್ರೇಕು ಮತ್ತು ಪೆಟ್ರೋಲಿನ ಪೆಡಲು ಎರಡೂ ಬಲಗಾಲಿಗೇ. ಅವಳಿಗೆ ಮದುವೆಗೆ ಮುಂಚೆಯೇ ಲೈಸೆನ್ಸ್ ಇತ್ತು. ದೇವರೇ ಕಳಿಸಿದ ಹಾಗಿತ್ತು. ಆದರೆ ಬೀಗರ ಮನೆಯಲ್ಲಿ ದೇವರು ಕಳಿಸಿದ್ದಕ್ಕೂ ಮೈಲೇಜ್ ನೋಡಬೇಕು.

ಆಟೋಮ್ಯಾಟಿಕ್ ಅಂದರೆ ಪೆಟ್ರೋಲು ಕುಡಿಯುತ್ತದೆ ಎನ್ನುವುದು ಅವರ ತಲೆಯಲ್ಲಿ ಕೂತಿತ್ತು. ಕಂಪನಿಯವರು ಇಷ್ಟು ಕೊಡುತ್ತದೆ ಎಂದು ಹೇಳಿದ್ದಾರಲ್ಲ ಎಂದು ಅಳಿಯಂದಿರು ಅಂದರು. ಬೀಗರು ನನ್ನ ಕಡೆ ಓರೆಗಣ್ಣಲ್ಲಿ ನೋಡಿ, “ಕಂಪ್ನಿಯೋರ್ ಯೋಳೋದು ಎಣ್ಣಿನ್ ಕಡೆಯೋರ್ ಯೋಳ್ದಂಗೆ ಕಣಪ್ಪ. ಅರ್ದಕ್ಕರ್ದ ನಂಬ್ಬೈದು” ಎಂದರು.

“ಗಂಡಿನ್ ಕಡೆಯೋರ್ ಯೋಳೋದು?” ಎಂದೆ ನಾನು.

“ಅದ್ರಲ್ ಕಾಲ್ಬಾಗ” ಎಂದು ಅವರು ಟವಲು ಕೊಡವಿ ಎದ್ದರು.

ಆಫೀಸರು ಒಳ್ಳೆಯವರು. ಶನಿವಾರ ಗಾಡಿಯನ್ನೇ ಕೊಟ್ಟುಬಿಟ್ಟರು, ಓಡಿಸಿ ನೋಡಿ ಎಂದು. ಇನ್ನೊಬ್ಬರು ಕೇಳುತ್ತಿದ್ದಾರೆ, ಭಾನುವಾರ ಸಂಜೆಯೊಳಗೆ ಬೇಕು ಬೇಡ ಹೇಳಿ ಎಂದರು. ಬೀಗರ ಪರೀಕ್ಷೆ ಸರಳ. ಬೆಳಗಿನ ತಂಪಿನಲ್ಲಿ ಬಂಕಿಗೆ ಹೋಗಿ ಟ್ಯಾಂಕು ಕಂಠದ ತನಕ ತುಂಬಿಸುವುದು. ನಂಜನಗೂಡಿಗೆ ಹೋಗಿ ದೇವರಿಗೆ ಕೈ ಮುಗಿದು ವಾಪಸು ಬರುವುದು. ಅದೇ ಬಂಕಿನಲ್ಲಿ ಮತ್ತೆ ಕಂಠದ ತನಕ ತುಂಬಿಸಿದರೆ ಎಷ್ಟು ಹಿಡಿಯಿತೋ ಅಷ್ಟು ಗಾಡಿ ಕುಡಿದ ಹಾಗೆ. ಓಡಿಸುವವರು ಅವರೇ, ಪಕ್ಕದಲ್ಲಿ ಮಗಳು. ಗಾಳಿ ನುಗ್ಗಿ ಗಾಡಿಯನ್ನು ತಡೆಯುತ್ತದೆ ಎಂದು ಕಿಟಕಿ ಏರಿಸಬೇಕು, ಪೆಟ್ರೋಲು ತಿನ್ನುತ್ತದೆ ಎಂದು ಎ.ಸಿ. ಹಾಕಬಾರದು. ಮುಚ್ಚಿದ ಗಾಡಿಯಲ್ಲಿ ನನಗೆ ವಾಂತಿ ಬರುತ್ತದೆ. ನಾನು ಬಸ್ಸಿನಲ್ಲಿ ಮೊದಲೇ ಹೋಗಿ, ನನ್ನ ಮನೆಯ ಬೀಗ ತೆಗೆದು ಅವರಿಬ್ಬರಿಗೂ ಅಡಿಗೆ ಮಾಡಿಟ್ಟೆ. ಹೋಟೆಲಿನಲ್ಲಿ ಉಣ್ಣುವ ಜಾಯಮಾನ ಅವರದಲ್ಲ.

ಬಂದು ಉಂಡರು. ದಾರಿಯಲ್ಲಿ ಏನೋ ಸೀದ ವಾಸನೆ ಬರುತ್ತಿತ್ತು ಎಂದಳು ಮಗಳು. ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿದ್ದಾರೆ ಎಂದರು ಬೀಗರು. ಅವರು ಕಾರಿನಲ್ಲಿ ಹೊರಟ ಮೇಲೆ ನಾನು ಪಾತ್ರೆ ತೊಳೆದು ಬಸ್‌ಸ್ಟ್ಯಾಂಡಿಗೆ ಹೋದೆ. ನರಸೀಪುರದ ಬಸ್ಸು ಹೊರಟು ನಿಂತಿತ್ತು. ಡ್ರೈವರಿನ ಹಿಂದಿನ ಸೀಟೇ ಸಿಕ್ಕಿತು.

ಊರು ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಬಸ್ಸಿನ ಮುಂದೆ ಅದೇ ಕಾರು. ಮೈಲೇಜಿಗಾಗಿ ಎಮ್ಮೆ ನಡೆದ ಹಾಗೆ ಹೋಗುತ್ತಿತ್ತು. ಎದುರಿನಿಂದ ಕಬ್ಬಿನ ಗಾಡಿಗಳು ಒಂದರ ಹಿಂದೊಂದು, ಬಸ್ಸಿಗೆ ಮುಂದೆ ಹೋಗಲು ಜಾಗವಿಲ್ಲ. ಡ್ರೈವರು ಹಾರನ್ ಹೊಡೆದು ಹೊಡೆದು ಸೋತ.

“ಯಾವನಪ್ಪ ಇವ್ನು, ಬ್ರೇಕ್ ಮ್ಯಾಲೆ ಕಾಲ್ ಮಡಿಕಂಡೇ ಓಯ್ತಾವ್ನೆ. ನಿಲ್ತಾನಾ ಓಯ್ತಾನಾ ಒಂದೂ ಗೊತ್ತಾಯ್ತಿಲ್ಲ.”

“ಯಾರೋ ಮುದ್ಕಪ್ಪ ಇರ್ಬೇಕು, ಬುಡಣ್ಣ” ಎಂದ ಕಂಡಕ್ಟರು.

ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಆಮೇಲೆ ಕಾರಿನ ಹಿಂಭಾಗ ನೋಡಿದೆ. ಎರಡು ಕೆಂಪು ದೀಪ ಉರಿಯುತ್ತಿದ್ದವು. ಏರಿನಲ್ಲೂ ಉರಿಯುತ್ತಿದ್ದವು, ಇಳಿಜಾರಿನಲ್ಲೂ ಉರಿಯುತ್ತಿದ್ದವು. ಆ ದೀಪ ಯಾವಾಗ ಹತ್ತುವುದು ಎಂದು ಡ್ರೈವರನ್ನು ಕೇಳಿದೆ. ಬ್ರೇಕು ತುಳಿದಾಗ ಹತ್ತುತ್ತದೆ, ಕಾಲು ತೆಗೆದರೆ ಆರುತ್ತದೆ ಎಂದ. ತುಳಿದುಕೊಂಡೇ ಓಡಿಸಿದರೆ ಏನಾಗುತ್ತದೆ ಎಂದೆ.

“ಎತ್ಗೆ ಬಾರ್ಕೋಲಲ್ಲೂ ಹೊಡ್ದು, ಮೂಗ್ದಾರಾನೂ ಇಂದುಕ್ ಎಳ್ದಂಗೆ ಕಣವ್ವ. ಗಾಡೀನೂ ಹಾಳು, ಪೆಟ್ರೋಲೂ ಹಾಳು.”

ನನಗೆ ಜೀಪಿನ ನೆನಪಾಯಿತು. ಆ ಜೀಪಿನಲ್ಲಿ ಬೀಗರು ಎಡಗಾಲನ್ನು ಯಾವಾಗಲೂ ಕ್ಲಚ್ಚಿನ ಮೇಲೆ ಇಟ್ಟೇ ಕೂರುವರು. ಬೇಕಿರಲಿ ಬೇಡದಿರಲಿ, ಆ ಕಾಲಿನ ಜಾಗ ಅದು. ಈ ಕಾರಿನಲ್ಲಿ ಕ್ಲಚ್ಚಿಲ್ಲ. ಖಾಲಿ ಕೂರಲಾರದ ಆ ಕಾಲು ಪಕ್ಕದ ಬ್ರೇಕಿನ ಮೇಲೆ ಹೋಗಿ ಕೂತಿದೆ. ಇಳಿಜಾರಿನಲ್ಲಿ ಇಂಜಿನ್ ಆರಿಸಿ ಚಮಚದ ಲೆಕ್ಕದಲ್ಲಿ ಉಳಿಸುವ ಮನುಷ್ಯ, ಕಾಲಲ್ಲಿ ಬಿಂದಿಗೆಯ ಲೆಕ್ಕದಲ್ಲಿ ಚೆಲ್ಲುತ್ತಿದ್ದಾನೆ.

ನಾನು ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಬಂಕಿನಲ್ಲಿ ಪೆಟ್ರೋಲು ಹಿಡಿದದ್ದೇ ಹಿಡಿದದ್ದಂತೆ. ಈ ಗಾಡಿ ಬೇಡ ಕೂಸು ಎಂದು ಬೀಗರು ಹೇಳಿ ಜಗುಲಿಯಲ್ಲಿ ಕೂತಿದ್ದರು. ಅಳಿಯಂದಿರು ಫೋನು ನೋಡುತ್ತಿದ್ದರು. ಮಗಳು ಒಳಗೆ ಮಕ್ಕಳ ಬಟ್ಟೆ ಮಡಚುತ್ತಿದ್ದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆದರೂ ಆವತ್ತು ಬಾಗಿಲಲ್ಲಿ ನಿಂತುಬಿಟ್ಟೆ. ಹೆಣ್ಣು ಕೊಟ್ಟವಳು ನಾನು, ಅವರ ಮನೆಯ ಅನ್ನ ತಿನ್ನುತ್ತಿರುವವಳು. ಆಯಸ್ಸೆಲ್ಲ ಗಾಡಿ ಓಡಿಸಿದವರಿಗೆ, ಅವರ ಮಗನ ಎದುರಿಗೆ, ನಿಮಗೆ ಓಡಿಸೋಕೆ ಬರಲಿಲ್ಲ ಎನ್ನಬೇಕು. ಮುನಿಸಿಕೊಂಡು ಎದ್ದುಹೋದರೆ ಗಾಡಿಯ ಮಾತು ಆ ಮನೆಯಲ್ಲಿ ಮತ್ತೆ ಏಳುವುದಿಲ್ಲ. ಮಗಳ ಕೆಲಸವೂ ಅಲ್ಲಿಗೆ ಮುಗಿಯಿತು. ಇನ್ನೊಂದು ಅನುಮಾನವೂ ನನಗಿತ್ತು. ಸೊಸೆ ತಾನೇ ಗಾಡಿ ಓಡಿಸಿಕೊಂಡು ತಿರುಗುವುದು ಇವರಿಗೆ ಇಷ್ಟವಿಲ್ಲ, ಅದಕ್ಕೆ ಮೈಲೇಜಿನ ನೆವ ಅಂತ. ಹಾಗಿದ್ದರೆ ಅದನ್ನೇ ಮೊದಲು ತಿಳಿದುಬಿಡೋಣ ಅನ್ನಿಸಿತು.

“ಕೊಡ್ಸಕ್ ಮನ್ಸಿಲ್ಲ ಅಂದ್ರೆ ಅಂಗೇ ಯೋಳ್ಬುಡಿ ಬೀಗ್ರೇ. ಮೈಲೇಜ್ ಯಾಕ್ ಅಡ್ಡ ಮಡಗ್ತೀರಿ?”

ಅವರು ನನ್ನನ್ನು ನೋಡಲಿಲ್ಲ. ಬೀದಿಯಲ್ಲಿ ನಿಂತಿದ್ದ ಕಾರನ್ನೇ ನೋಡುತ್ತ ನಿಧಾನವಾಗಿ ಹೇಳಿದರು.

“ಬೀಗಿತ್ತಿಯೋರೇ, ಕುಡಿಯೋ ಗಾಡಿ ಮನೇಲೇ ನಿಂತ್ಕತದೆ. ಮದ್ವೆಗೊಂದ್ಸಲ, ಆಸ್ಪತ್ರೆಗೊಂದ್ಸಲ ತಗೀತಾರೆ. ದಿನಾ ತಗ್ದ್ರೆ, ಇವತ್ ಓಗ್ಲೇಬೇಕಾ ಅಂತ ಒಬ್ರು, ಬಸ್ಸಿಲ್ವಾ ಅಂತ ಇನ್ನೊಬ್ರು. ನಾನೇ ಅಂತೀನಿ, ನನ್ ಬುದ್ದಿ ನಂಗೊತ್ತು. ಈ ಕೂಸು ದಿನಾ ಬೆಳಿಗ್ಗೆ ಕೀಲಿ ಕೇಳ್ಕಂಡ್ ನಿಂತ್ಕಬೇಕಾ? ಯಾರ್ನೂ ಕೇಳ್ದೆ ಓಗಂಗಿರ್ಬೇಕು. ಅಂತಾ ಗಾಡಿ ಬೇಕು.”

ಇಷ್ಟು ವರ್ಷ ಈ ಮನುಷ್ಯನನ್ನು ನಾನು ಬರೀ ಜಿಪುಣ ಎಂದು ಇಟ್ಟುಕೊಂಡಿದ್ದೆ. ಜಿಪುಣರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಜಿಪುಣತನ ಸೊಸೆಯ ದಾರಿಗೆ ಅಡ್ಡ ಬರುತ್ತದೆ ಎಂದು ಮೊದಲೇ ತಿಳಿದು ಅದನ್ನು ತಪ್ಪಿಸಲು ನೋಡುತ್ತಿದ್ದರು. ಇಂಥವರಿಗೆ ನಿಜ ಹೇಳಬಹುದು ಅನ್ನಿಸಿತು.

“ಗಾಡಿ ಕುಡೀಲಿಲ್ಲ ಬೀಗ್ರೇ. ನಾನ್ ಇಂದ್ಗಡೆ ಬಸ್ಸಲ್ಲಿದ್ದೆ. ದಾರಿಯುದ್ದಕ್ಕೂ ನಿಮ್ ಕೆಂಪ್ ದೀಪ ಆರ್ಲೇ ಇಲ್ಲ. ನಿಮ್ ಎಡ್ಗಾಲು ಬ್ರೇಕ್ ಮ್ಯಾಲಿತ್ತು.”

ಅಳಿಯಂದಿರು ಫೋನಿನಿಂದ ತಲೆ ಎತ್ತಿದರು. ಒಳಗೆ ಬಟ್ಟೆಯ ಸದ್ದು ನಿಂತಿತು. ಬೀಗರು ತಮ್ಮ ಎಡಗಾಲನ್ನು, ಅದು ಬೇರೆ ಯಾರದ್ದೋ ಅನ್ನುವ ಹಾಗೆ, ಬಗ್ಗಿ ನೋಡಿಕೊಂಡರು. ಹೆಬ್ಬೆರಳು ಆಡಿಸಿದರು. ಎದ್ದುಹೋಗಿ ಕಾರಿನಲ್ಲಿ ಕೂತರು. ಹಿಂದೆ ಹೋಗಿ ನಿಲ್ಲುವಂತೆ ನನಗೆ ಕೈ ಮಾಡಿದರು. ಜೀಪಿನಲ್ಲಿ ಕೂರುವ ಹಾಗೇ ಕೂತು, ಕಾಲನ್ನು ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಬಿಟ್ಟರು.

“ದೀಪ ಅತ್ಕಂತು” ಎಂದೆ.

ಕಾಲು ತೆಗೆದರು.

“ಆರ್ತು.”

ಮತ್ತೆ ಇಟ್ಟರು, ಮತ್ತೆ ತೆಗೆದರು. ಬೀದಿಯ ಜನ ನೋಡುತ್ತಿದ್ದರು. ಎಷ್ಟು ಸಲ ಹೀಗೆ ಮಾಡಿದರೋ, ಕೊನೆಗೆ ಇಳಿದು ಬಂದು ಟವಲಿನಿಂದ ಮುಖ ಒರೆಸಿಕೊಂಡರು. ಸಿಟ್ಟು ಬಂದಿದೆಯೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ.

“ಅಂಗಾದ್ರೆ ಜೀಪಿನ್ ಕ್ಲಚ್ ಪ್ಲೇಟು ವರ್ಸೊರ್ಸ ಓಯ್ತಿತ್ತಲ್ಲ, ಅದೂ ಇದೇ ಕಾಲು. ನಾನ್ ಮೆಕಾನಿಕ್ಕುನ್ನ ಬಯ್ತಿದ್ದೆ” ಎಂದರು. ಎಂದು ನಕ್ಕುಬಿಟ್ಟರು. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಒಳಗಿನಿಂದ ಮಗಳೂ ನಕ್ಕದ್ದು ಕೇಳಿಸಿತು. ನಾನು ಜಗುಲಿಯ ಮೇಲೆ ಕೂತುಬಿಟ್ಟೆ. ಬೀಗರ ಎದುರಿಗೆ ಹಾಗೆ ಕೂತವಳಲ್ಲ ನಾನು.

ಭಾನುವಾರ ಬೆಳಿಗ್ಗೆ ಎರಡನೆಯ ಪರೀಕ್ಷೆ. ಎಡಗಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡು ತಾವೇ ಓಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಕೀಲಿಯನ್ನು ಸೊಸೆಯ ಕೈಗೆ ಕೊಟ್ಟು ಪಕ್ಕದಲ್ಲಿ ಹೋಗಿ ಕೂತರು. “ಯಾರ್ ಓಡ್ಸ್ತಾರೋ ಅವ್ರ್ ಕಾಲಲ್ಲೇ ಮೈಲೇಜ್ ನೋಡ್ಬೇಕು ಕಣವ್ವ. ನನ್ ಕಾಲಲ್ ನೋಡಿದ್ದೇ ತೆಪ್ಪು” ಎಂದರು. ಅದೇ ದಾರಿ, ಅದೇ ಬಂಕು. ಕಿಟಕಿ ಇಳಿಸಿಕೊಳ್ಳಿ, ದಿನಾ ಹೋಗುವಾಗ ಹೇಗೆ ಹೋಗುತ್ತಾಳೋ ಹಾಗೇ ನೋಡಬೇಕು ಎಂದು ಕಾನೂನನ್ನೂ ಬದಲಾಯಿಸಿದರು. ಏರಿನಲ್ಲಿ ಸೊಸೆ ಮಾತಾಡಿದರೂ ಸುಮ್ಮನಿದ್ದರಂತೆ. ಆದರೆ ಮುಂದಕ್ಕೆ ಬಾಗುವುದನ್ನು ಬಿಡಲಿಲ್ಲವಂತೆ.

ನಾನು ಮನೆಯಲ್ಲಿ ಮಕ್ಕಳಿಗೆ ತಲೆ ಬಾಚುತ್ತ ಕಾಯುತ್ತಿದ್ದೆ. ಬಂದರು. ಮಗಳ ಮುಖ ನೋಡಿಯೇ ತಿಳಿಯಿತು, ಆದರೂ ತೀರ್ಪು ಅವರ ಬಾಯಿಂದ ಬರಬೇಕಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ನೀರು ಕುಡಿದು ಆಮೇಲೆ ಹೇಳಿದರು. ಗೇರಿನ ಗಾಡಿಗಿಂತ ಸ್ವಲ್ಪ ಕಮ್ಮಿಯೇ. ಸಂತೆಯ ಹತ್ತಿರ ನಿಂತು ನಿಂತು ಬಂದಾಗ ಇನ್ನೂ ಕಮ್ಮಿ ಆಗುತ್ತದೆ. ಆದರೆ ಮನೆಯಲ್ಲಿ ನಿಲ್ಲುವ ಗಾಡಿ ಅಲ್ಲ, ದಿನಾ ಹೋಗುವ ಗಾಡಿ. ಇಷ್ಟು ಹೇಳಿ, ಆಫೀಸರಿಗೆ ಮಾತು ಕೊಡಲು ತಾವೇ ನಡೆದುಕೊಂಡು ಹೋದರು. ನಾಲ್ಕು ಮನೆ ಆಚೆಗೆ ಕಾರು ತೆಗೆಯುವುದುಂಟೇ.

ಆಮೇಲೆ ಅವರು ಇನ್ನೂ ಕೆಲವು ವರ್ಷ ಇದ್ದರು. ಜೀಪನ್ನು ಮಾರಿದರು. ಸೊಸೆಯ ಗಾಡಿಯನ್ನು ಮತ್ತೆ ಮುಟ್ಟಲಿಲ್ಲ. ಎಲ್ಲಿಗಾದರೂ ಹೋಗಬೇಕಿದ್ದರೆ ಅವರೇ ಅವಳನ್ನು, ಬಿಡುವಿದೆಯಾ ಕೂಸು ಎಂದು ಕೇಳಬೇಕಿತ್ತು. ಕೇಳುತ್ತಿದ್ದರು. ಸಾಯುವ ಹಿಂದಿನ ವಾರವೂ ಕೇಳಿದ್ದರಂತೆ. ಆರಾಧನೆಯ ಊಟದಲ್ಲಿ ಹೊಗಳುವವರು ಇದನ್ನು ಹೇಳಬಹುದಿತ್ತು, ಅವರಿಗೆ ಗೊತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮಗಳು ಸೀರೆ ಉಟ್ಟು, ಊಟದ ಡಬ್ಬಿ ತೆಗೆದುಕೊಂಡು, ಮೊಳೆಯಲ್ಲಿದ್ದ ಕೀಲಿ ತೆಗೆದು ಹೊರಟಳು. ಬೀಗರು ಪೂಜೆಯಲ್ಲಿದ್ದರು. ಕಾರಿನ ಸದ್ದು ಕೇಳಿದರೂ ಎದ್ದು ಬರಲಿಲ್ಲ, ಬೇಕೆಂದೇ ಬರಲಿಲ್ಲ. ಕಾರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ನಾನು ಬ್ಯಾಗು ತೆಗೆದುಕೊಂಡು, ಬರ್ತೀನಿ ಬೀಗ್ರೇ ಎಂದು ಪೂಜೆಯ ಕೋಣೆಯ ಕಡೆಗೆ ಕೂಗಿ, ಬಸ್ಸು ಹತ್ತಿದೆ. ನನ್ನ ಮನೆಗೆ ಬಂದು ಕಸ ಗುಡಿಸಿ, ಒಲೆ ಹಚ್ಚಿ, ಒಂದು ಮುದ್ದೆ ತಿರುವಿ ಉಂಡೆ. ಮಗಳು ಬಿದ್ದ ಸುದ್ದಿ ಬಂದ ದಿನದಿಂದ ಕೈಯಿಂದ ಬಿಡದಿದ್ದ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಹಾಡುಹಗಲಲ್ಲಿ ಚಾಪೆ ಹಾಸಿ ಮಲಗಿದೆ. ಅದು ಹೊಡೆದುಕೊಂಡಿದ್ದರೂ ನನಗೆ ಕೇಳಿಸಲಿಲ್ಲ.